ಅಕ್ಕ ಕಳಿಸುತ್ತಿದ್ದ ಮಳೆ

ಒಂದು ಚೂರು ಬಟ್ಟೆಯೂ ಇಲ್ಲದ ಬಯಲಿನ ನಡುವೆ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು, "ಎತ್ರೇ, ಬೇಗ ಎತ್ರೇ, ಮಳೆ ಬಂತು!" ಎಂದು ಗಂಟಲು ಹರಿಯುವಂತೆ ಕೂಗುವ ಹೆಂಗಸನ್ನು ದಾರಿಹೋಕರು ಯಾರಾದರೂ ನೋಡಿದರೆ ತಲೆ ಕೆಟ್ಟಿದೆ ಎಂದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಪುಟ್ಟಿಗೇ ಒಮ್ಮೊಮ್ಮೆ ಹಾಗನ್ನಿಸುತ್ತಿತ್ತು. ಆಸ್ಪತ್ರೆಯ ಹಾಸುಬಟ್ಟೆಗಳನ್ನೆಲ್ಲ ಆಗಲೇ ಎತ್ತಿ, ಮಡಿಸಿ, ಶೆಡ್ಡಿನೊಳಗೆ ಪೇರಿಸಿ ಆಗಿರುತ್ತಿತ್ತು. ಬಯಲಿನಲ್ಲಿ ಉಳಿದಿರುತ್ತಿದ್ದದ್ದು ಸಾಲು ಸಾಲು ಕಂಬ, ಕಂಬಕ್ಕೆ ಬಿಗಿದ ತಂತಿ, ತಂತಿಯ ಮೇಲೆ ಕೂತ ಒಂದೆರಡು ಕಾಗೆ. ಅವಳ ಅಪ್ಪಣೆಯೆಲ್ಲ ಆ ಕಾಗೆಗಳಿಗೆ.

"ಎತ್ತಿದ್ವಿ ಅಕ್ಕಾ, ಎಲ್ಲಾ ಎತ್ತಿದ್ವಿ!" ಎಂದು ಶೆಡ್ಡಿನ ಬಾಗಿಲಲ್ಲಿ ನಿಂತು ಕ್ಲಿಪ್ಪಮ್ಮ ದನಿಗೂಡಿಸುತ್ತಿದ್ದಳು. ಬಟ್ಟೆ ಒಣಹಾಕುವ ಕೆಲಸದವಳು. ಬಾಯಿತುಂಬ ಕ್ಲಿಪ್ಪು ಕಚ್ಚಿಕೊಂಡೇ ಇರುತ್ತಾಳಾದ್ದರಿಂದ ಆ ಹೆಸರು. ಈ ನಾಟಕಕ್ಕಾಗಿ ಮಾತ್ರ ಕ್ಲಿಪ್ಪುಗಳನ್ನು ಅಂಗೈಗೆ ಉಗುಳಿ, ಕೂಗಿ, ಮತ್ತೆ ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

"ಒಂದೂ ನೆನೀಲಿಲ್ವಾ?" ಎಂದು ಫೋನಿನ ಆ ಕಡೆಯಿಂದ ಅಕ್ಕ ಕೇಳುತ್ತಿದ್ದಳು.

"ಒಂದೂ ಇಲ್ಲ ಅಕ್ಕಾ. ನೀನು ಹೇಳಿದ್ದಕ್ಕೆ ಉಳ್ಕೊಂಡ್ವಿ."

"ಸರಿ, ಇಡು. ಕರೆನ್ಸಿ ಖರ್ಚಾಗುತ್ತೆ," ಎಂದು ಅಕ್ಕ ಫೋನ್ ಇಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಕಪ್ಪನೆಯ ಮೋಡ ಬಯಲಿನ ಮೇಲಕ್ಕೆ ಬಂದು, ಯಾರದೋ ಮೇಲಿನ ಸಿಟ್ಟನ್ನು ಇಲ್ಲಿ ತೀರಿಸಿಕೊಳ್ಳುವಂತೆ ಸುರಿದು ಹೋಗುತ್ತಿತ್ತು.

ಇದು ಒಂದು ಮಳೆಗಾಲ ಪೂರ್ತಿ ನಡೆದಿತ್ತು. ಈಗ ಮತ್ತೆ ಬೇಸಿಗೆ ಬಂದು, ಸಂಜೆಯ ಗುಡುಗುಮಳೆಗಳು ಶುರುವಾಗಿ, ಪುಟ್ಟಿಗೆ ಕೂಗಿ ಕೂಗಿ ಸಾಕಾಗಿತ್ತು. ಅವಳಿಗೆ ಐವತ್ತು ದಾಟಿ, ಮಗಳ ಮಗಳು ಶಾಲೆಗೆ ಹೋಗುತ್ತಿದ್ದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಅಕ್ಕ ಹಾಗೆ ಕರೆದದ್ದೇ ಊರಿಗೆಲ್ಲ ಹೆಸರಾಗಿ, ಆಸ್ಪತ್ರೆಯ ಉಗ್ರಾಣದವರೂ ರಸೀದಿಯ ಮೇಲೆ ಪುಟ್ಟಿ ಲಾಂಡ್ರಿ ಎಂದೇ ಬರೆಯುತ್ತಿದ್ದರು.

ಮೊದಲು ಈ ಕಸುಬು ಊರಿನ ನಟ್ಟನಡುವೆ ಇತ್ತು. ಅಪ್ಪನ ಕಾಲದಲ್ಲಿ ಅಲ್ಲೊಂದು ಕೆರೆ, ಕೆರೆಯ ದಂಡೆಗೆ ಸಾಲು ಮರ, ಮರದ ನೆರಳಿಗೆ ಒಗೆಯುವ ಕಲ್ಲು. ಕೆರೆ ಮುಚ್ಚಿ ಬಸ್ ನಿಲ್ದಾಣ ಕಟ್ಟಿದರು. ಮರ ಕಡಿದು ರಸ್ತೆ ಅಗಲ ಮಾಡಿದರು. ಪುಟ್ಟಿ ಗಂಡನ ಜೊತೆ ಒಗೆಯುವ ಯಂತ್ರಗಳನ್ನು ಹೊತ್ತುಕೊಂಡು ಊರಾಚೆಯ ಬಯಲಿಗೆ ಬಂದಳು. ಬಯಲು ಅಗಲವಾಗಿತ್ತು, ಬಿಸಿಲು ಧಾರಾಳವಾಗಿತ್ತು, ಇನ್ನೇನು ಬೇಕು ಎಂದುಕೊಂಡಿದ್ದರು. ಮಳೆಯ ಲೆಕ್ಕ ಯಾರ ತಲೆಗೂ ಬಂದಿರಲಿಲ್ಲ. ಬಂದ ಹೊಸದರಲ್ಲಿ ಅವರೊಂದು ತಪ್ಪು ಮಾಡುತ್ತಿದ್ದರು. ಅಪ್ಪ ಕಲಿಸಿದಂತೆ ಮಳೆಗಾಗಿ ಬೆಟ್ಟದ ದಿಕ್ಕನ್ನೇ ನೋಡುತ್ತಿದ್ದರು. ಬೆಟ್ಟದ ಕಡೆ ಆಕಾಶ ತಿಳಿಯಾಗಿರುತ್ತಿತ್ತು. ಊರಿಗೆ ಬೆನ್ನು ಹಾಕಿ ನಿಂತವರ ಬೆನ್ನ ಮೇಲೆಯೇ ಮಳೆ ಬೀಳುತ್ತಿತ್ತು. ಒದ್ದೆಯಾದ ಹಾಸುಬಟ್ಟೆ ಮತ್ತೆ ಒಗೆಯಬೇಕು, ಮತ್ತೆ ಒಣಗಿಸಬೇಕು, ಮುಗ್ಗಲು ವಾಸನೆ ಬಂದರೆ ಆಸ್ಪತ್ರೆಯವರು ಗಂಟುಗಂಟಾಗಿಯೇ ವಾಪಸು ಕಳಿಸುತ್ತಾರೆ.

ಆಗ ಕೈ ಹಿಡಿದವಳು ಅಕ್ಕ. ಅವಳು ಊರು ಬಿಟ್ಟು ಬಂದಿರಲಿಲ್ಲ. ಹೊಲಿಗೆ ಕಸುಬಿನವಳು, ಮದುವೆಯ ಮಾತೆತ್ತಿದವರಿಗೆಲ್ಲ "ನಾಳೆ ನೋಡೋಣ" ಎನ್ನುತ್ತ ಎಪ್ಪತ್ತರ ಹತ್ತಿರ ಬಂದವಳು. ಬಸ್ ನಿಲ್ದಾಣದ ಎದುರು ಒಂದು ಹಳೆಯ ಕಟ್ಟಡದ ತಾರಸಿಯ ಮೇಲೆ ತಗಡಿನ ಸೂರಿನ ಕೋಣೆಯೊಂದನ್ನು ಹೊಲಿದು ಹೊಲಿದೇ ಕೊಂಡುಕೊಂಡಿದ್ದಳು. ಅಲ್ಲಿಂದ ಅವಳಿಗೆ ಮೋಡ ಕಟ್ಟುವುದು ಮೊದಲು ಕಾಣುತ್ತಿತ್ತು. ಅವಳ ನೆತ್ತಿಯ ಮೇಲೆ ಕಪ್ಪಾದ ಮೋಡ ಒಂದು ಗಳಿಗೆಯ ನಂತರ ತಂಗಿಯ ಬಯಲಿನ ಮೇಲೆ ಒಡೆಯುತ್ತದೆ ಎಂಬುದು ನಾಲ್ಕು ಸಲ ನೋಡಿದ ಮೇಲೆ ಗೊತ್ತಾಯಿತು. ಮಧ್ಯಾಹ್ನದಾಚೆ ತಾರಸಿಯ ಗೋಡೆಗೆ ಒರಗಿ ನಿಂತು ಫೋನ್ ಮಾಡುವುದು ಅಂದಿನಿಂದ ಅವಳ ಪಾಲಿನ ಕೆಲಸವಾಯಿತು. ಕ್ಲಿಪ್ಪಮ್ಮ ಅವಳಿಗೆ ಮೋಡದಕ್ಕ ಎಂದು ಹೆಸರಿಟ್ಟಳು.

ಅಕ್ಕನ ಕೆಳಗಿನ ಮನೆಯಲ್ಲಿ ಭೂಗೋಳದ ಮೇಷ್ಟ್ರೊಬ್ಬರು ಬಾಡಿಗೆಗಿದ್ದರು. ಒಮ್ಮೆ ಪುಟ್ಟಿ ಬಂದಾಗ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ವಿವರಿಸಿದ್ದರು. ಊರಿನಲ್ಲಿ ಕೆರೆಯಿಲ್ಲ, ಮರವಿಲ್ಲ, ಮಣ್ಣೆಲ್ಲ ಕಾಂಕ್ರೀಟಿನಡಿ ಹೋಯಿತು, ಹಾಗಾಗಿ ನೆಲದಿಂದ ತೇವ ಏಳುವುದಿಲ್ಲ, ಊರಿನ ಗಾಳಿ ಒಣಗಿ ಹೋಗಿದೆ. ಆದರೆ ಗೋಡೆ ರಸ್ತೆಗಳು ಕಾದು ಆ ಗಾಳಿಯನ್ನು ಮೇಲಕ್ಕೆ ನೂಕುತ್ತವೆ. ದೂರದಿಂದ ತೇವ ಹೊತ್ತು ಬಂದ ಗಾಳಿ ಅದರ ಜೊತೆ ಮೇಲೇರಿ ಮೋಡವಾಗುತ್ತದೆ, ಮೋಡ ಬಲಿಯುವಷ್ಟರಲ್ಲಿ ಗಾಳಿ ಅದನ್ನು ಊರಾಚೆಗೆ ತಳ್ಳಿರುತ್ತದೆ. "ಒಲೆ ಇಲ್ಲಿ, ಅಡುಗೆ ಬಡಿಸೋದು ನಿಮ್ಮಲ್ಲಿ," ಎಂದು ಮೇಷ್ಟ್ರು ನಕ್ಕಿದ್ದರು. ತಮ್ಮ ಮಾತು ತಮಗೇ ಹಿಡಿಸಿ ಅದನ್ನೇ ಇನ್ನೆರಡು ಸಲ ಹೇಳಿದ್ದರು.

"ಊರಿಗೆ ಬಿದ್ದರೆ ಏನಾಗ್ತಿತ್ತಂತೆ ಆ ಮಳೆಗೆ?" ಎಂದಷ್ಟೇ, ಪುಟ್ಟಿ ಇದನ್ನು ಹೇಳಿದಾಗ, ಅಕ್ಕ ಕೇಳಿದ್ದಳು. ಅವಳ ತಗಡಿನ ಮೇಲೆ ಎಂದಾದರೂ ನಾಲ್ಕು ಹನಿ ಬಿದ್ದರೆ ಸದ್ದು ಕೇಳಿ ಹೊರಗೆ ಬರುವಷ್ಟರಲ್ಲಿ ಒಣಗಿ ಹೋಗಿರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಅವಳಷ್ಟು ಅನುಭವಿಸಿದವರು ಆ ಬೀದಿಯಲ್ಲಿ ಇರಲಿಲ್ಲ.

ಆ ಕೋಣೆಯೇ ಈಗ ಪುಟ್ಟಿಯ ನಿದ್ದೆ ಕೆಡಿಸಿತ್ತು. ವರ್ಷದಿಂದ ವರ್ಷಕ್ಕೆ ಅಲ್ಲಿ ಕಾವು ಏರುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು. ಗೋಡೆಗೆ ಕೈಯಿಟ್ಟರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಹೊಡೆಯುತ್ತಿತ್ತು. ಹೋದ ಬೇಸಿಗೆಯಲ್ಲಿ ಅಕ್ಕ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಈ ಬೇಸಿಗೆಯಲ್ಲಿ ಮತ್ತೊಮ್ಮೆ ಬಿದ್ದಳು, ಮೇಷ್ಟ್ರ ಹೆಂಡತಿ ನೋಡದೇ ಹೋಗಿದ್ದರೆ ಏನಾಗುತ್ತಿತ್ತೋ. ಡಾಕ್ಟರು ಮುಲಾಜಿಲ್ಲದೆ ಹೇಳಿದರು: "ಆ ಕೋಣೆ ಬಿಡಿಸಿ. ಮೂರನೇ ಸಲ ಬಿದ್ದರೆ ನನ್ನ ಹತ್ರ ಕರ್ಕೊಂಡು ಬರೋ ಹಾಗಿರಲ್ಲ."

ಅಕ್ಕ ಕೇಳಬೇಕಲ್ಲ! "ನಾನು ಅಲ್ಲಿಗೆ ಬಂದ್ರೆ ಇಲ್ಲಿ ಮೋಡ ನೋಡೋರು ಯಾರೇ?" ಎನ್ನುತ್ತಿದ್ದಳು. ಆ ಮಾತಿಗೆ ಪುಟ್ಟಿಯ ಬಾಯಿ ಕಟ್ಟಿ ಹೋಗುತ್ತಿತ್ತು. ಯಾಕೆಂದರೆ ಮೋಡ ನೋಡುವವರು ಬೇರೆಯೇ ಇದ್ದರು. ಗಂಡನ ಹೊಸ ಫೋನಿನಲ್ಲಿ ಮಳೆಯ ನಕ್ಷೆ ಬರುತ್ತಿತ್ತು. ಮೋಡ ಎಲ್ಲಿದೆ, ಯಾವ ಕಡೆ ಹೊರಟಿದೆ ಎಂಬುದನ್ನೆಲ್ಲ ಬಣ್ಣಬಣ್ಣವಾಗಿ ತೋರಿಸುತ್ತಿತ್ತು. ಅಕ್ಕನ ಕಣ್ಣಿಗೆ ಪೊರೆ ಬಂದು, ಹೊಗೆ ಯಾವುದು ಮೋಡ ಯಾವುದು ಎಂಬುದೇ ಅವಳಿಗೆ ತಿಳಿಯದೆ, ಎರಡು ಮೂರು ಸಲ ಅರೆ ಒಣಗಿದ ಬಟ್ಟೆಯನ್ನು ಸುಮ್ಮನೆ ಎತ್ತಿಸಿ, ಇನ್ನೊಂದು ಸಲ ಹೇಳದೆ ನೆನೆಸಿದ ಮೇಲೆ ಗಂಡ ನಕ್ಷೆಯನ್ನೇ ನಂಬತೊಡಗಿದ್ದ. ಅದನ್ನು ಅಕ್ಕನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅದಕ್ಕೇ ಖಾಲಿ ಬಯಲಿನಲ್ಲಿ ಕೂಗಾಟ.

"ಹೇಳಿಬಿಡು ಅತ್ಲಾಗೆ," ಎಂದ ಗಂಡ ಒಂದು ಬೆಳಿಗ್ಗೆ, ಇಸ್ತ್ರಿ ಯಂತ್ರಕ್ಕೆ ಹಾಸುಬಟ್ಟೆಯ ಅಂಚು ಕೊಡುತ್ತ. "ನಿಮ್ಮ ಫೋನಿಂದ ನಮಗೇನೂ ಆಗ್ಬೇಕಿಲ್ಲ, ಬನ್ನಿ ಅತ್ತಿಗೆ ಅಂತ. ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತ ನೀನು ಕೂತ್ರೆ, ಸಾಯೋದು ಹಾವಲ್ಲ."

"ಏನು ಮಾತಾಡ್ತೀರಿ ನೀವು!"

"ಇರೋದು ಹೇಳಿದೆ."

"ಅವಳಿಗೆ ಇರೋದೇ ಅದೊಂದು ಕೆಲಸ ಕಣ್ರೀ. ಹೊಲಿಗೆ ಯಾರೂ ಕೊಡಲ್ಲ ಈಗ. ಅದೂ ಬೇಡ ಅಂದ್ರೆ..."

"ಅದೂ ಬೇಡ ಅಂದ್ರೇನೇ ಅವರು ಆ ಕೋಣೆ ಬಿಡೋದು," ಎಂದ ಗಂಡ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನ ಮಾತುಗಳ ದೊಡ್ಡ ತೊಂದರೆಯೇ ಅದು.

ಪುಟ್ಟಿ ಅವನಿಗೂ ಹೇಳದ ಸಂಗತಿಯೊಂದಿತ್ತು. ಬಟ್ಟೆ ಎತ್ತುವುದಕ್ಕೆ ಅಕ್ಕನ ಫೋನು ಬೇಕಿರಲಿಲ್ಲ, ನಿಜ. ಆದರೆ ಆ ಫೋನು ಬರುವವರೆಗೆ ಅವಳ ಜೀವ ಕೈಯಲ್ಲಿರುತ್ತಿತ್ತು. ಮೋಡ ಬಂದ ದಿನ ಅಕ್ಕನ ದನಿ ಕೇಳುತ್ತಿತ್ತು. ಮೋಡವಿಲ್ಲದ ದಿನ ಅಕ್ಕ ಫೋನ್ ಮಾಡುತ್ತಿರಲಿಲ್ಲ. ಪುಟ್ಟಿಯೇ ಮಾಡಿದರೂ ಎತ್ತುತ್ತಿರಲಿಲ್ಲ, ಸುಮ್ಮನೆ ಕರೆನ್ಸಿ ದಂಡ ಎನ್ನುತ್ತಿದ್ದಳು. ಬಿಸಿಲು ಕೊಲ್ಲುವುದು ಮೋಡವಿಲ್ಲದ ದಿನವೇ ಅಲ್ಲವೇ? ಲಾಂಡ್ರಿಯವರ ಪಾಲಿಗೆ ಅವು ಹಬ್ಬದಂಥ ದಿನಗಳು. ಬಟ್ಟೆ ಹಾಕಿದ ಕೈ ತೆಗೆಯುವಷ್ಟರಲ್ಲಿ ಒಣಗಿರುತ್ತಿತ್ತು. ಕ್ಲಿಪ್ಪಮ್ಮ ಹಾಡಿಕೊಳ್ಳುತ್ತಿದ್ದಳು. ಪುಟ್ಟಿ ಮಾತ್ರ ಬಿಳಿ ಬಟ್ಟೆಗಳ ನಡುವೆ ಓಡಾಡುತ್ತ ಊರಿನ ಕಡೆ ನೋಡಿ ನೋಡಿ, ಒಂದು ಚೂರು ಮೋಡ ಬರಬಾರದೇ ಎಂದು ಹಾರೈಸುತ್ತಿದ್ದಳು. ಇಂಥ ಲಾಂಡ್ರಿಯವಳನ್ನು ಎಲ್ಲಾದರೂ ಕಂಡಿದ್ದೀರಾ?

ಗಂಡನ ಜೊತೆ ಆ ಮಾತಾದ ದಿನವೇ ಅವಳು ಊಟದ ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿದಳು. ಇವತ್ತು ಹೇಳಿಯೇ ಬರುತ್ತೇನೆ ಎಂದು ಗಂಡನಿಗೆ ಮಾತು ಕೊಟ್ಟಳು. ಬಸ್ಸಿನ ಕಿಟಕಿಯಿಂದ ಬರುತ್ತಿದ್ದ ಗಾಳಿ ಬಯಲು ದಾಟುವವರೆಗೆ ಹಸಿ ಮಣ್ಣಿನ ವಾಸನೆ ಹೊತ್ತಿತ್ತು, ಹಿಂದಿನ ಸಂಜೆಯ ಮಳೆ ಇನ್ನೂ ಗುಂಡಿಗಳಲ್ಲಿ ನಿಂತಿತ್ತು. ಮನೆಗಳು ಒತ್ತೊತ್ತಾಗುತ್ತ ಬಂದಂತೆ ಗುಂಡಿಗಳು ಮುಗಿದು ಧೂಳು ಶುರುವಾಯಿತು. ಆಮೇಲೆ ಧೂಳೂ ಮುಗಿದು ಬರೀ ಕಾವು. ಮೂಗಿನ ಒಳಗೆಲ್ಲ ಒಣಗಿ ಉರಿಯತೊಡಗಿತು. ಅಂಗಡಿಗಳ ಏಸಿ ಪೆಟ್ಟಿಗೆಗಳು ಒಳಗಿನವರನ್ನು ತಣ್ಣಗಿಟ್ಟು ಹೊರಗಿನವರ ಮುಖಕ್ಕೆ ಬಿಸಿಗಾಳಿ ಉಗುಳುತ್ತಿದ್ದವು. ನಿಲ್ದಾಣದಲ್ಲಿ ಇಳಿದಾಗ ಚಪ್ಪಲಿಯ ಅಡಿ ಡಾಂಬರಿಗೆ ಅಂಟಿಕೊಂಡಿತು. ಅಲ್ಲಿಯೇ ಎಲ್ಲೋ ಅಪ್ಪನ ಕಲ್ಲು ಇದ್ದದ್ದು, ನೀರಿನಲ್ಲಿ ಕಾಲು ಇಳಿಬಿಟ್ಟು ಅಕ್ಕ ತಂಗಿ ಕೂತಿರುತ್ತಿದ್ದದ್ದು.

ಮೆಟ್ಟಿಲು ಹತ್ತುತ್ತ ಹತ್ತುತ್ತ ಪುಟ್ಟಿಗೇ ಕಣ್ಣು ಕತ್ತಲೆ ಬಂತು. ಅಕ್ಕ ತಾರಸಿಯಲ್ಲಿ ಗೋಡೆಯ ಗೇಣಗಲದ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು, ತಲೆಯ ಮೇಲೆ ಒದ್ದೆ ಟವೆಲು ಹೊದ್ದು ಕೂತಿದ್ದಳು. ಸಣ್ಣ ಜೀವ ಇನ್ನೂ ಸಣ್ಣಗಾಗಿತ್ತು. ತುಟಿ ಬಿರಿದಿತ್ತು.

"ಏನೇ ಇದು, ಹೇಳದೆ ಕೇಳದೆ? ಬಟ್ಟೆ ಯಾರು ನೋಡ್ಕೋತಾರೆ?"

"ಅವರಿದಾರೆ. ಕ್ಲಿಪ್ಪಮ್ಮ ಇದಾಳೆ. ನಿನ್ನ ನೋಡೋಣ ಅಂತ ಬಂದೆ."

"ನನ್ನ ಏನು ನೋಡ್ತೀಯ, ನಾನೇನು ಹೊಸ ಸಿನಿಮಾನಾ? ಮೋಡ ನೋಡು. ಆ ಟ್ಯಾಂಕಿನ ಮೇಲೆ ಕಟ್ತಿದೆ ನೋಡು."

ಟ್ಯಾಂಕಿನ ಮೇಲೆ ಏನೂ ಇರಲಿಲ್ಲ. ಅದರ ಎಡಕ್ಕೆ, ಸಾಕಷ್ಟು ದೂರದಲ್ಲಿ, ನಿಜವಾದ ಮೋಡವೊಂದು ಏಳುತ್ತಿತ್ತು. ಪುಟ್ಟಿ "ಹೂಂ" ಎಂದಳು. ನಿಂಬೆಹಣ್ಣು ಹಿಂಡಿ ನೀರು ಮಾಡಿಕೊಟ್ಟಳು. ಹೂಜಿಯ ನೀರೂ ಉಗುರುಬೆಚ್ಚಗಿತ್ತು. ಡಬ್ಬಿ ಬಿಚ್ಚಿ ಉಣ್ಣಿಸಿದಳು. ಅಕ್ಕ ಎರಡು ತುತ್ತು ತಿಂದು "ಸಾಕು ಕಣೇ, ಬಿಸಿಲಿಗೆ ಹಸಿವೇ ಸತ್ತು ಹೋಗಿದೆ" ಎಂದಳು. ಹೇಳಬೇಕಾದ ಮಾತು ಪುಟ್ಟಿಯ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಬಸ್ಸಿನಲ್ಲಿ ಅಷ್ಟೊಂದು ಸಲ ಮನಸ್ಸಿನಲ್ಲೇ ಹೇಳಿಕೊಂಡದ್ದು, ಅಕ್ಕನ ಒಣಗಿದ ಕೈ ನೋಡಿದ ಮೇಲೆ ಒಂದಕ್ಷರವೂ ನೆನಪಿಗೆ ಬರಲೊಲ್ಲದು.

ಅಷ್ಟರಲ್ಲಿ ಮೋಡ ನೆತ್ತಿಗೆ ಬಂದು ಬೆಳಕು ಮಂಕಾಯಿತು. ಗುಡುಗಿತು. ಕಾವು ಮಾತ್ರ ಒಂದು ಚೂರೂ ಇಳಿಯಲಿಲ್ಲ. ಅಕ್ಕ ಸ್ಟೂಲಿನಿಂದ ಎದ್ದವಳೇ ಗುಂಡಿ ಒತ್ತುವ ತನ್ನ ಹಳೆಯ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಲಾಂಡ್ರಿಯ ನಂಬರು ಒತ್ತಿದಳು.

"ಅಕ್ಕಾ, ಬಿಡು, ನಾನು ಇಲ್ಲೇ ಇದೀನಲ್ಲ..."

"ನೀನು ಇಲ್ಲಿದ್ರೆ ಅಲ್ಲಿ ಮಳೆ ಬರಲ್ವಾ? ಸುಮ್ನಿರು."

ಕಿವಿ ಮಂದವಾಗಿದ್ದಕ್ಕೆ ಅಕ್ಕ ಯಾವಾಗಲೂ ದನಿ ಜೋರಾಗಿ ಕೇಳುವಂತೆ ಇಟ್ಟುಕೊಳ್ಳುತ್ತಿದ್ದಳು. ಪುಟ್ಟಿಗೆ ಆ ಕಡೆಯದೆಲ್ಲ ಕೇಳಿಸಿತು. ಗಂಡ ಎತ್ತಿದ. ಪುಟ್ಟಿ ಅತ್ತಿಗೆಗೆ ಹೇಳಿದಳೋ ಇಲ್ಲವೋ ತಿಳಿಯದೆ ಒಂದು ಕ್ಷಣ ತಡವರಿಸಿದ. ಆಮೇಲೆ, ಯಾವುದಕ್ಕೂ ಇರಲಿ ಎಂದು, ಹುಟ್ಟಾ ನಾಟಕ ಬಾರದ ಮನುಷ್ಯ ಶುರು ಮಾಡಿದ. "ಹೌದಾ ಅತ್ತಿಗೆ? ಈಗಲೇ, ಈಗಲೇ. ಎತ್ರಮ್ಮಾ. ಬಟ್ಟೆ ಎತ್ರಮ್ಮಾ. ಮಳೆ ಬರುತ್ತಂತೆ." ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ ಒಂದೇ ದನಿ. ಹಿಂದಿನಿಂದ ಕ್ಲಿಪ್ಪಮ್ಮನ "ಎತ್ತಿದ್ವಿ ಅಕ್ಕಾ" ಕೇಳಿತು. ಅದರ ಹಿಂದೆ ಏನೂ ಇರಲಿಲ್ಲ. ಅಡಿ ಸದ್ದಿಲ್ಲ, ತಂತಿಯ ಸದ್ದಿಲ್ಲ. ಒಂದು ಕಾಗೆ ಕೂಗಿತು.

ಆ ಖಾಲಿಯನ್ನು ಪುಟ್ಟಿ ಮೊದಲ ಸಲ ಈ ಕಡೆಯಿಂದ ಕೇಳಿಸಿಕೊಂಡಳು. ಇಷ್ಟು ದಿನ ತಾನೇ ನಿಂತು ಕೂಗುತ್ತಿದ್ದಾಗ ಅದು ಗೊತ್ತೇ ಆಗಿರಲಿಲ್ಲ. ಗುಡುಗುವ ಹೊತ್ತಿನ ಗಾಳಿಗೆ ಬಯಲು ತುಂಬ ಹಾಸುಬಟ್ಟೆ ಇದ್ದರೆ ಎಷ್ಟು ಸದ್ದು! ಪಟಪಟ ಪಟಪಟ ಎಂದು ಮಾತೇ ಕೇಳಿಸುವುದಿಲ್ಲ.

ಅಕ್ಕ ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡು ಮತ್ತೆ ಕೂತಳು. "ನಿನ್ನ ಗಂಡ ನಿನ್ನಷ್ಟು ಚೆನ್ನಾಗಿ ಕೂಗಲ್ಲ ಬಿಡು," ಎಂದಳು.

"ಅಕ್ಕಾ..."

"ಅವನದ್ದು ಕೇಳಿದ್ರೆ ನಗು ಬರುತ್ತೆ. ನೀನಾದ್ರೆ ನಿಜವಾಗ್ಲೂ ಬಟ್ಟೆ ಇದೆಯೇನೋ ಅನ್ನೋ ಹಾಗೆ ಕೂಗ್ತೀಯ."

"ಯಾವಾಗಿಂದ ಗೊತ್ತು ನಿನಗೆ?"

"ಹೋದ ಮಳೆಗಾಲದಿಂದ. ಕಣ್ಣು ಮಂಜಾದ್ರೆ ಕಿವಿ ಪೂರ್ತಿ ಹೋಗುತ್ತೇನೇ? ಹುಟ್ಟಿದಾಗಿಂದ ಒಣಗೋ ಬಟ್ಟೆ ನಡುವೆ ಬೆಳೆದವಳು ನಾನು. ಬಟ್ಟೆ ಇದ್ದಿದ್ರೆ ಪಟಪಟ ಅಂತಿರಲಿಲ್ವಾ?"

"ಮತ್ತೆ ಯಾಕೆ ಫೋನ್ ಮಾಡ್ತಿದ್ದೆ?"

ಅಕ್ಕ ಟವೆಲಿನ ತುದಿ ಹಿಂಡಿದಳು. ಅದರಲ್ಲಿ ನೀರೇ ಉಳಿದಿರಲಿಲ್ಲ. "ನೀನು ಅಷ್ಟು ಕಷ್ಟಪಟ್ಟು ಕೂಗ್ತಿದ್ದೆ. ಗೊತ್ತಾಯ್ತು ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಇನ್ನೇನು ಹೇಳಿ ಫೋನ್ ಮಾಡ್ಲಿ ನಾನು? ಇಲ್ಲಿ ಬಿಸಿಲು ಅಂತ ಹೇಳೋಕೆ ಮಾಡ್ಲಾ?"

"ಮಾಡು!" ಎಂದು ಪುಟ್ಟಿ ಕಿರುಚಿದಳು. ಅವಳ ದನಿ ಅವಳನ್ನೇ ಬೆಚ್ಚಿ ಬೀಳಿಸಿತು. "ಬಿಸಿಲು ಅಂತಾನೇ ಮಾಡು! ಮೋಡ ಬಂದ ದಿನ ಮಾತ್ರ ಮಾಡ್ತೀಯ. ಮೋಡ ಇಲ್ಲದ ದಿನ ನಾನು ಹೇಗಿರ್ತೀನಿ ಗೊತ್ತಾ ನಿನಗೆ? ಸುಡೋದು ಆವತ್ತೇ ತಾನೆ? ಬಿದ್ದಿದಾಳೋ, ಎದ್ದಿದಾಳೋ, ಯಾರಾದ್ರೂ ನೋಡಿದ್ರೋ ಇಲ್ವೋ ಅಂತ ಬಟ್ಟೆ ಮಧ್ಯೆ ಹುಚ್ಚಿ ಥರ ಓಡಾಡ್ತೀನಿ. ಮಳೆ ಬರಲಿ ಅಂತ ಬೇಡ್ಕೋತೀನಿ ಅಕ್ಕಾ, ಲಾಂಡ್ರಿ ಇಟ್ಕೊಂಡು! ನನಗೆ ಸಾಕಾಗಿದೆ. ಕೂಗೋದಲ್ಲ, ಹೆದರಿಕೊಂಡು ಇರೋದು ಸಾಕಾಗಿದೆ. ಇನ್ನು ಆಗಲ್ಲ ನನ್ನ ಕೈಲಿ."

ಅವಳು ಅಳುತ್ತಿದ್ದಳು. ಆ ಗಾಳಿಗೆ ಕಣ್ಣೀರು ಕೆನ್ನೆಯ ಮೇಲೆ ಇಳಿಯುವಷ್ಟರಲ್ಲಿ ಒಣಗಿ ಉಪ್ಪಾಗುತ್ತಿತ್ತು. ಮೋಡ ಅವರ ತಲೆಯ ಮೇಲಿಂದ ನಿಧಾನವಾಗಿ ಸರಿದು ಬಯಲಿನ ಕಡೆ ಹೊರಟಿತು.

"ಬಂದು ಏನು ಮಾಡ್ಲೇ ಅಲ್ಲಿ?" ಎಂದಳು ಅಕ್ಕ ಕೊನೆಗೆ. "ಮೋಡ ನೋಡೋಕೆ ಫೋನಿದೆ, ಹರಿದದ್ದು ಹೊಲಿಯೋಕೆ ಮಿಷನ್ನಿದೆ. ಮೂಲೆಯಲ್ಲಿ ಕೂತು ನಿನ್ನ ಗಂಡನ ಮುಖ ನೋಡ್ಲಾ? ಅವನ ಮುಖ ನೋಡಿದ್ರೆ ನಿನಗೇ ಬೇಜಾರು, ಇನ್ನು ನನಗೆ?"

ಪುಟ್ಟಿಗೆ ಅಳುವಿನ ನಡುವೆ ನಗು ಬಂದು ಕೆಮ್ಮಾಯಿತು. ಅಲ್ಲಿ ಅಕ್ಕನಿಗೆ ಕೆಲಸವಿದೆ ಎಂದು ಹೇಳಿದರೆ ಮತ್ತೊಂದು ಸುಳ್ಳು. ಒಂದು ಸುಳ್ಳು ಸಾಕುವುದರಲ್ಲೇ ಅವಳು ಹಣ್ಣಾಗಿದ್ದಳು. "ಏನೂ ಮಾಡ್ಬೇಡ," ಎಂದಳು. "ಸುಮ್ನೆ ಇರು. ನಾನು ತಿರುಗಿ ನೋಡಿದಾಗ ಕಣ್ಣಿಗೆ ಕಾಣೋ ಹಾಗಿರು, ಅಷ್ಟೇ."

ಅಕ್ಕ ಮೋಡ ಹೋದ ದಿಕ್ಕನ್ನೇ ನೋಡುತ್ತಿದ್ದಳು. ಮಳೆಯ ಹೊತ್ತಿಗೆ ಅವಳು ಎಂದೂ ಬಯಲಿಗೆ ಹೋಗಿರಲಿಲ್ಲ. ಆ ಹೊತ್ತಿನಲ್ಲಿ ಅವಳ ಡ್ಯೂಟಿ ಇಲ್ಲಿ. "ಇಷ್ಟು ವರ್ಷ ಕಳಿಸಿದೀನಿ," ಎಂದಳು, "ಎಲ್ಲಿ ಬೀಳುತ್ತೆ, ಹೇಗೆ ಬೀಳುತ್ತೆ ಅಂತ ಕಣ್ಣಾರೆ ನೋಡೇ ಇಲ್ಲ. ನೋಡ್ಕೊಂಡು ಬರ್ತೀನಿ ನಡಿ. ನೋಡೋಕೆ ಅಷ್ಟೇ. ಇರೋಕಲ್ಲ."

ಬೀಗ ಹಾಕಿ, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಪುಟ್ಟಿಯ ಹೆಗಲು ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡಳು. ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದು ಏನೂ ಕೇಳದೆ ನೀರು ತುಂಬಿದ ಬಾಟಲಿಯೊಂದನ್ನು ಕೈಗಿತ್ತಳು.

ಬಸ್ಸು ಮೋಡದ ಹಿಂದೆ ಹೊರಟಿತು. ಮೋಡಕ್ಕೆ ಸಿಗ್ನಲ್ಲುಗಳಿರಲಿಲ್ಲ, ಬಸ್ಸಿಗೆ ಹೆಜ್ಜೆಗೊಂದು ಇತ್ತು. ಪ್ರತಿ ಸಲ ನಿಂತಾಗಲೂ ಅಕ್ಕ ಕಿಟಕಿಗೆ ಮುಖವಿಟ್ಟು, ಎದುರಿಗೆ ಕಾಣುತ್ತಿದ್ದ ಕಪ್ಪನೆಯ ರಾಶಿಯನ್ನು ನೋಡುತ್ತಿದ್ದಳು. ಊರು ದಾಟುವಾಗ ಎದುರಿನಿಂದ ಬರುವ ವಾಹನಗಳು ನೀರು ಸುರಿಸುತ್ತ ಬರುತ್ತಿದ್ದವು. ಕಿಟಕಿಯೊಳಗೆ ತಣ್ಣನೆಯ ಗಾಳಿ ನುಗ್ಗಿತು. ಬಯಲಿನ ನಿಲ್ದಾಣದಲ್ಲಿ ಇಳಿದಾಗ ಮಳೆ ಆಗಷ್ಟೇ ನಿಂತಿತ್ತು. ರಸ್ತೆಯಂಚಿನ ಮರದಿಂದ ಮಾತ್ರ ತೊಟ್ಟಿಕ್ಕುತ್ತಿತ್ತು.

"ನಾನು ಹೋದಲ್ಲಿಗೆ ಅದು ಬರಲ್ಲ ಬಿಡೇ," ಎಂದಳು ಅಕ್ಕ. ಬೇಸರವೂ ಇಲ್ಲ, ಅಚ್ಚರಿಯೂ ಇಲ್ಲ ಆ ದನಿಯಲ್ಲಿ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಗುಂಡಿಯಲ್ಲಿ ನಿಂತ ನೀರಿಗೆ ಪಾದ ಇಟ್ಟಳು. ಎರಡೂ ಪಾದ ಇಟ್ಟು ಹಾಗೇ ನಿಂತಳು. ಬಸ್ಸಿನವನು ಹಾರ್ನ್ ಹೊಡೆದು ಬೈದು ಹೋದ. ಪುಟ್ಟಿ ಪಕ್ಕದಲ್ಲಿ ನಿಂತು ಕಾದಳು, ಕರೆಯಲಿಲ್ಲ.

ಶೆಡ್ಡಿನ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಕಿದರು. "ನಾಳೆ ಬೆಳಿಗ್ಗೆ ಹೋಗ್ತೀನಿ," ಎಂದು ಅಕ್ಕ ಮೂವರಿಗೂ ಬೇರೆ ಬೇರೆಯಾಗಿ ಹೇಳಿದಳು. ಗಂಡ, "ಆಗಲಿ ಅತ್ತಿಗೆ" ಎಂದ. ಅವನ ಮಾತುಗಳಲ್ಲಿ ಅದೊಂದು ಎಲ್ಲರಿಗೂ ಹಿಡಿಸಿತು. ತಣ್ಣನೆಯ ನೆಲ ಸಿಕ್ಕಿ ಎಷ್ಟು ಕಾಲವಾಗಿತ್ತೋ, ಅಕ್ಕ ಬೆಳಗಾದರೂ ಏಳದೆ ಮಲಗಿದಳು. ಪುಟ್ಟಿ ಹತ್ತಿರ ಹೋಗಿ ಉಸಿರಾಟ ನೋಡಿ ಬಂದಳು.

ಆ ದಿನ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನಕ್ಷೆಯಲ್ಲೂ ಬಣ್ಣವಿರಲಿಲ್ಲ. ಆಸ್ಪತ್ರೆಯ ಎರಡು ಗಾಡಿ ಬಟ್ಟೆ ಬಂದು, ಒಗೆದು, ಹಿಂಡಿ, ತಂತಿಗೆ ಹಾಕುವಷ್ಟರಲ್ಲಿ ಪುಟ್ಟಿಗೆ ಬೇರೆ ಯೋಚನೆಗೆ ಪುರುಸೊತ್ತಿರಲಿಲ್ಲ. ಮಧ್ಯಾಹ್ನದಾಚೆ ಬಯಲಿನ ತುದಿಯ ಸಾಲಿನಲ್ಲಿ ಅಂಚು ಎಳೆದು ಕ್ಲಿಪ್ಪು ಹಾಕುತ್ತಿದ್ದವಳು, ಎಂದಿನ ರೂಢಿಯಂತೆ ತಲೆಯೆತ್ತಿ ಊರಿನ ಕಡೆ ನೋಡಿದಳು. ಊರಿನ ಮೇಲೆ ಬಿಸಿಲು ಬಿಳಿಯಾಗಿ ನಡುಗುತ್ತಿತ್ತು. ಮೋಡ ಇಲ್ಲ. ಫೋನ್ ಬಂದಿಲ್ಲ. ದಿನಾ ಹೆದರಿ ಹೆದರಿ ಪಳಗಿದ ಕೈ, ತಲೆ ಹೇಳುವ ಮೊದಲೇ ಸೊಂಟದ ಫೋನು ತೆಗೆದು ಅಕ್ಕನ ನಂಬರು ಒತ್ತಿತು.

ಶೆಡ್ಡಿನ ಕಡೆಯಿಂದ ಫೋನು ರಿಂಗಾಯಿತು.

ಪುಟ್ಟಿ ತಿರುಗಿ ನೋಡಿದಳು. ಶೆಡ್ಡಿನ ನೆರಳಿನಲ್ಲಿ ಹರಿದ ಹಾಸುಬಟ್ಟೆಯೊಂದನ್ನು ಮಡಿಲಲ್ಲಿ ಹರಡಿಕೊಂಡು, ಸೂಜಿಗೆ ದಾರ ಪೋಣಿಸಲು ಕ್ಲಿಪ್ಪಮ್ಮನಿಗೆ ಕೊಟ್ಟು, ಅಕ್ಕ ಕುಪ್ಪಸದೊಳಗಿಂದ ಫೋನು ತೆಗೆಯುತ್ತಿದ್ದಳು. ಕೊರಳಲ್ಲಿ ಬೀಗದ ಕೈ ತೂಗುತ್ತಿತ್ತು.

"ಯಾರು?"

"ನಾನು ಕಣಕ್ಕಾ."

"ಎಲ್ಲಿಂದ?"

"ಇಲ್ಲಿಂದಾನೇ."

ಬೈಗುಳ ಬರುತ್ತದೆಂದು ಪುಟ್ಟಿ ಕಾದಳು. ಕರೆನ್ಸಿಯ ಮಾತು ಬರುತ್ತದೆಂದು ಕಾದಳು. ಎರಡೂ ಬರಲಿಲ್ಲ. ಗಾಳಿ ಎದ್ದು ಬಯಲು ತುಂಬ ಬಟ್ಟೆಗಳು ಪಟಪಟನೆ ಬಡಿದುಕೊಂಡವು. ಆ ಸದ್ದು ಅವಳಿಗೆ ಒಂದು ಕಿವಿಯಲ್ಲಿ ಹತ್ತಿರದಿಂದ, ಇನ್ನೊಂದು ಕಿವಿಯಲ್ಲಿ ಫೋನಿನೊಳಗಿಂದ ಕೇಳಿಸಿತು.

"ಇದೀನಿ ಕಣೇ," ಎಂದಳು ಅಕ್ಕ. ಬಟ್ಟೆಗಳ ಸದ್ದಿಗೆ ಕಿವಿಗೊಟ್ಟು, "ಮೋಡ ಇಲ್ಲ. ಮೊದಲನೇ ಸಾಲು ಒಣಗಿದೆ, ಎತ್ತು," ಎಂದಳು.

ಪುಟ್ಟಿ ಕಣ್ಣೊರೆಸಿಕೊಂಡು, ಬಟ್ಟೆ ತುಂಬಿದ ಬಯಲಿಗೆ ಮುಖ ಮಾಡಿ, "ಎತ್ರೇ" ಎಂದು ಕೂಗಿದಳು.